ಸೊನ್ನೆ ರೂಪಾಯಿ ಟಿಕೆಟ್ ಎದುರು ಐದು ಬಸ್ಸು

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಸೊನ್ನೆ ಆದಾಗ ಐದು ಬಸ್ಸಿನ ಒಂದು ಖಾಸಗಿ ಮನೆಯವರು ಏನು ಮಾಡಿದರು ಅನ್ನುವ ಕಥೆ ಇದು. ಗುರುತು ಸಿಗಬಾರದು ಅಂತ ಈ ಬರಹದಲ್ಲಿ ಬಸ್ಸಿನ ಹೆಸರು, ರೂಟು, ಊರು ಯಾವುದನ್ನೂ ಹಾಕಿಲ್ಲ. ಅಂಕಿಗಳನ್ನೂ ಅಲ್ಲಲ್ಲಿ ಸ್ವಲ್ಪ ಆಚೀಚೆ ಮಾಡಿದ್ದೇನೆ. ಜಿಲ್ಲೆ ಮಾತ್ರ ಚಿಕ್ಕಮಗಳೂರೇ. ಅದನ್ನು ಬದಲಿಸಿದರೆ ಕಥೆಯೇ ನಿಲ್ಲುವುದಿಲ್ಲ. ನಾನು ಇಲ್ಲಿ ಸಣ್ಣ ವ್ಯಾಪಾರದವರಿಗೆ ಲೆಕ್ಕ ಬರೆದುಕೊಡುವವನು. ಈ ಬಸ್ಸಿನ ಮನೆಯವರ ಲೆಕ್ಕ ಹನ್ನೆರಡು ವರ್ಷದಿಂದ ನನ್ನ ಬಳಿಯೇ ಇದೆ. ಹಾಗಾಗಿ ಮುಂದೆ ಬರುವ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ಒಂದನ್ನಂತೂ ನಾನೇ ಹೇಳಿಕೊಟ್ಟಿದ್ದು.

ಹಿನ್ನೆಲೆ

ಮಲೆನಾಡಿನ ಜನಕ್ಕೆ ಬಸ್ ಅಂದರೆ ಬಹಳ ಕಾಲ ಖಾಸಗಿ ಬಸ್ಸೇ ಆಗಿತ್ತು. ಟೈಮೆಷ್ಟು ಅಂತ ಕೇಳಿದರೆ ಗಡಿಯಾರ ನೋಡುವವರು ಕಡಿಮೆ, ಯಾವ ಬಸ್ ಹೋಯಿತು ಅಂತ ಹೇಳುವವರೇ ಜಾಸ್ತಿ.

ನಮ್ಮ ಮಾಲೀಕರ ತಂದೆ ಒಂದು ಹಳೇ ಬಸ್ ಕೊಂಡು ಶುರು ಮಾಡಿದವರು. 2023ರ ಹೊತ್ತಿಗೆ ಮಗನ ಕೈಯಲ್ಲಿ ಐದು ಬಸ್ಸಿದ್ದವು. ಮೂರು ಮೇನ್ ರೋಡಿನಲ್ಲಿ, ಚಿಕ್ಕಮಗಳೂರಿಗೂ ಒಂದು ತಾಲ್ಲೂಕು ಕೇಂದ್ರಕ್ಕೂ ನಡುವೆ. ಉಳಿದೆರಡು ಹಾಲ್ಟ್ ಬಸ್ಸು. ಬಯಲುಸೀಮೆಯ ಓದುಗರಿಗೆ ಹೇಳಬೇಕು: ಸಂಜೆ ಪೇಟೆಯಿಂದ ಹೊರಟು ಕಾಡೊಳಗಿನ ಊರಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಅಲ್ಲಿಂದಲೇ ಹೊರಡುವ ಬಸ್ಸು ಇದು. ಡ್ರೈವರ್, ಕಂಡಕ್ಟರ್ ಊರಿನವರ ಜಗಲಿಯಲ್ಲೋ ಬಸ್ಸಿನ ಸೀಟಿನ ಮೇಲೋ ಮಲಗುತ್ತಾರೆ.

ಮನೆಯಲ್ಲಿ ಮರ್ಯಾದೆ ಎಲ್ಲ ಮೇನ್ ರೋಡಿನ ಬಸ್ಸಿಗೆ. ಅದರಲ್ಲೂ ಬೆಳಿಗ್ಗೆ ಒಂಬತ್ತರ ಟ್ರಿಪ್ಪಿಗೆ. ಅದು ಅಪ್ಪ ಹಾಕಿದ ಟೈಮು. ಹೊಸ ಬಸ್ ಬಂದರೆ ಮೊದಲು ಆ ಟ್ರಿಪ್ಪಿಗೆ. ನಾಲ್ಕೈದು ವರ್ಷ ಅಲ್ಲಿ ಓಡಿ ಸುಸ್ತಾದ ಮೇಲೆ ಹಾಲ್ಟಿಗೆ. ಒಳರಸ್ತೆಯ ಜನ ಮೇನ್ ರೋಡಿನವರ ಹಳೇ ಬಸ್ಸಿನಲ್ಲೇ ಜೀವನ ಕಳೆದರು ಅನ್ನಬಹುದು.

ಸಮಸ್ಯೆ

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸಾಕು. ನನ್ನ ಮನೆಯಲ್ಲೂ ಇದರಿಂದ ಉಪಕಾರವಾಗಿದೆ. ನನ್ನ ತಂಗಿ ತಿಂಗಳಿಗೆರಡು ಸಲ ಅಮ್ಮನನ್ನು ನೋಡಲು ಬರುವುದು ಆ ಟಿಕೆಟ್ಟಿನಲ್ಲೇ. ಯೋಜನೆ ಸರಿಯೋ ತಪ್ಪೋ ಅನ್ನುವುದು ಈ ಬರಹದ ವಿಷಯವಲ್ಲ. ಎದುರಾಳಿಯ ಬೆಲೆ ಸೊನ್ನೆ ಆದಾಗ ಸಣ್ಣ ವ್ಯಾಪಾರಿ ಏನು ಮಾಡಬೇಕು ಅನ್ನುವುದಷ್ಟೇ ವಿಷಯ.

ಮೇನ್ ರೋಡಿನ ಒಂದು ಬಸ್ಸಿನ ದಿನದ ಕಲೆಕ್ಷನ್ ₹11,500 ಆಸುಪಾಸು ಇತ್ತು. ಜುಲೈ ಮುಗಿಯುವ ಹೊತ್ತಿಗೆ ₹7,200ಕ್ಕೆ ಬಂತು. ಹೆಂಗಸರು ಹೋಗುತ್ತಾರೆ ಅಂತ ಎಲ್ಲರೂ ಎಣಿಸಿದ್ದೆವು. ಗಂಡಸರೂ ಹೋಗುತ್ತಾರೆ ಅಂತ ಎಣಿಸಿರಲಿಲ್ಲ. ಗಂಡ ಹೆಂಡತಿ ಒಟ್ಟಿಗೆ ಪೇಟೆಗೆ ಹೊರಟರೆ ಹೆಂಡತಿಗೆ ಟಿಕೆಟ್ ಇಲ್ಲದ ಬಸ್ಸನ್ನೇ ತಾನೇ ಇಬ್ಬರೂ ಹತ್ತುವುದು? ಅವರಿಬ್ಬರ ಹಿಂದೆ ಎರಡು ಮಕ್ಕಳು, ಒಬ್ಬ ಮಾವ. ನಮ್ಮ ಲೆಕ್ಕದಲ್ಲಿ ಅವರು ಐದು ಜನ. ನಿಜದಲ್ಲಿ ಅದು ಒಂದೇ ನಿರ್ಧಾರ.

ಮೊದಲು ಮಾಡಿದ್ದು

ಮೊದಲ ಉಪಾಯ ನನ್ನದು. ಮೇನ್ ರೋಡಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ ಮಾಡಿ ಅಂದೆ. ಸೀಟು ಖಾಲಿ ಹೋಗುವುದಕ್ಕಿಂತ ಅರ್ಧ ದುಡ್ಡಾದರೂ ಬರಲಿ ಅಂತ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಬಂದವರು ಯಾರು ಅಂದರೆ, ಹೇಗೂ ನಮ್ಮ ಬಸ್ಸಿಗೇ ಬರುತ್ತಿದ್ದ ಹೆಂಗಸರು. ಮೊದಲು ಪೂರ್ತಿ ಕೊಡುತ್ತಿದ್ದವರು ಈಗ ಅರ್ಧ ಕೊಟ್ಟರು. ಹೊಸದಾಗಿ ಒಬ್ಬರೂ ಹತ್ತಲಿಲ್ಲ. ಅರ್ಧಕ್ಕೂ ಸೊನ್ನೆಗೂ ಪೈಪೋಟಿಯೇ ಇಲ್ಲ ಅನ್ನುವುದು ಲೆಕ್ಕ ಬರೆಯುವ ನನಗೆ ಹೊಳೆಯಬೇಕಿತ್ತು. ಎರಡು ತಿಂಗಳಿಗೆ ನಿಲ್ಲಿಸಿದೆವು. ನಿಲ್ಲಿಸಿದ್ದಕ್ಕೂ ಬೈಸಿಕೊಂಡೆವು.

ಎರಡನೆಯದು ಡ್ರೈವರ್‌ಗಳ ಉಪಾಯ. ಸರ್ಕಾರಿ ಬಸ್ಸಿಗಿಂತ ಎರಡು ನಿಮಿಷ ಮುಂದೆ ಹೋಗುವುದು, ಸ್ಟಾಪಿನಲ್ಲಿ ಕಾದವರನ್ನು ಎತ್ತಿಕೊಳ್ಳುವುದು. ಟೈಮಿಂಗ್ ಅನ್ನುವುದು ಪರ್ಮಿಟ್‌ನಲ್ಲಿ ಬರೆದಿರುತ್ತದೆ, ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ದಿನಾ ಜಗಳ. ಡೀಸೆಲ್ ಜಾಸ್ತಿ ಕುಡಿಯಿತು. ನವೆಂಬರ್‌ನಲ್ಲಿ ಒಂದು ತಿರುವಿನಲ್ಲಿ ಕಾಫಿ ಮೂಟೆ ತುಂಬಿದ ಪಿಕಪ್‌ಗೆ ಬಸ್ ಒರೆಸಿತು. ಯಾರಿಗೂ ಏನೂ ಆಗಲಿಲ್ಲ. ಮಾಲೀಕರು ಅವತ್ತೇ ಆ ಆಟ ನಿಲ್ಲಿಸಿದರು.

ಮೂರನೆಯದು ಸಾಲ. ಒಂಬತ್ತರ ಬಸ್ಸಿಗೆ ಹೊಸ ಬಾಡಿ, ಪುಷ್‌ಬ್ಯಾಕ್ ಸೀಟು, ಹಾಡು, ಲೈಟು. ಐವತ್ತು ಕಿಲೋಮೀಟರ್ ದಾರಿಯಲ್ಲಿ ಸೀಟು ಹಿಂದಕ್ಕೆ ಬಗ್ಗುತ್ತದೆ ಅಂತ ಯಾರೂ ದುಡ್ಡು ಕೊಡುವುದಿಲ್ಲ. ಇದರ ಬಗ್ಗೆ ಇಷ್ಟೇ ಸಾಕು. ಇಎಂಐ ಇನ್ನೂ ನೆನಪಿದೆ.

ವ್ಯಾಪಾರದ ಪಾಠ ಹೇಳುವವರಲ್ಲಿ ಹಾರ್ವರ್ಡ್‌ನ ಮೈಕೆಲ್ ಪೋರ್ಟರ್ ಅವರದು ದೊಡ್ಡ ಹೆಸರು. 1980ರಲ್ಲೇ ಅವರು ಮೂರು ದಾರಿ ಹೇಳಿದ್ದರು. ಎಲ್ಲರಿಗಿಂತ ಕಡಿಮೆ ಖರ್ಚಿನಲ್ಲಿ ಮಾಡು. ಇಲ್ಲವೇ ಬೇರೆ ಕಡೆ ಸಿಗದ್ದನ್ನು ಕೊಡು. ಅದೂ ಆಗದಿದ್ದರೆ ಸಣ್ಣ ಜಾಗ ಹಿಡಿದು ಅಲ್ಲಿಯವರಿಗೆ ಮಾತ್ರ ಚೆನ್ನಾಗಿ ಮಾಡು. ಮೂರನ್ನೂ ಅರ್ಧಂಬರ್ಧ ಮಾಡಲು ಹೋದವನು ನಡುವೆ ಸಿಕ್ಕಿಹಾಕಿಕೊಳ್ಳುತ್ತಾನೆ ಅಂತಲೂ ಹೇಳಿದ್ದರು. ನಾವು ಆರು ತಿಂಗಳಲ್ಲಿ ಬೆಲೆ ಇಳಿಸಿದೆವು, ಬಸ್ಸನ್ನು ಸಿಂಗರಿಸಿದೆವು, ಜಾಗ ಮಾತ್ರ ಬಿಡಲಿಲ್ಲ. ನಡುವೆ ಅಂದರೆ ಸರಿಯಾಗಿ ನಡುವೆಯೇ.

ತಲೆ ಎಣಿಸಿದ್ದು

2024ರ ಫೆಬ್ರವರಿಯಲ್ಲಿ ಮಾಲೀಕರು ಆಫೀಸಿಗೆ ಬಂದರು. ಎರಡು ಹಾಲ್ಟ್ ಬಸ್ಸನ್ನು ನಿಲ್ಲಿಸಿ ಮೇನ್ ರೋಡನ್ನು ಗಟ್ಟಿ ಮಾಡಿಕೊಳ್ಳೋಣ ಅನ್ನುವುದು ಅವರ ಯೋಚನೆ. ಅವುಗಳ ಕಲೆಕ್ಷನ್ ದಿನಕ್ಕೆ ಐದು ಸಾವಿರದ ಚಿಲ್ಲರೆ. ಮೇನ್ ರೋಡಿನದು ಬಿದ್ದ ಮೇಲೂ ಏಳು ಸಾವಿರ. ಯಾರಾದರೂ ಹಾಗೇ ಯೋಚಿಸುತ್ತಾರೆ.

ನಾನು ಹೇಳಿದ್ದು ಒಂದೇ. “ಅಣ್ಣ, ನಿಲ್ಲಿಸುವ ಮೊದಲು ಹದಿನಾಲ್ಕು ದಿನ ಎಣಿಸೋಣ. ಎರಡು ಸಂತೆ ಬರುವ ಹಾಗೆ.”

“ಏನು ಸಾರ್ ಎಣಿಸೋದು? ಟಿಕೆಟ್ ಲೆಕ್ಕ ಇದೆಯಲ್ಲ.”

ಟಿಕೆಟ್ ಲೆಕ್ಕದಲ್ಲಿ ದುಡ್ಡು ಕಾಣುತ್ತದೆ, ಜನ ಕಾಣುವುದಿಲ್ಲ. ಐದೂ ಕಂಡಕ್ಟರ್‌ಗಳಿಗೆ ಒಂದೊಂದು ನೋಟ್‌ಬುಕ್ ಕೊಟ್ಟೆವು. ಪ್ರತಿ ಟ್ರಿಪ್ಪಿನಲ್ಲಿ ಹತ್ತಿದವರು ಯಾರು, ಎಲ್ಲಿ ಹತ್ತಿದರು, ಎಲ್ಲಿ ಇಳಿದರು. ಗಂಡಸರು, ಹೆಂಗಸರು, ಶಾಲೆ ಮಕ್ಕಳು, ತೋಟದ ಕೆಲಸದವರು, ಲಗೇಜು. ನಾಲ್ವರು ಗೊಣಗುತ್ತಾ ಬರೆದರು. ಐದನೆಯವರು, ಹಾಲ್ಟ್ ಬಸ್ಸಿನ ಹಿರಿಯ ಕಂಡಕ್ಟರ್, ಎರಡು ನೋಟ್‌ಬುಕ್ ತುಂಬಿಸಿದರು. ಅವರ ಕಥೆ ಮುಂದಿದೆ.

ಮೊದಲು ಲೆಕ್ಕ. ಮೇನ್ ರೋಡಿನ ಬಸ್ ದಿನಕ್ಕೆ 220 ಕಿಲೋಮೀಟರ್ ಓಡುತ್ತದೆ. ಡೀಸೆಲ್ಲಿಗೆ ₹4,300, ಡ್ರೈವರ್ ಕಂಡಕ್ಟರ್ ಸಂಬಳ ಬತ್ತಾ ₹2,000. ಕಲೆಕ್ಷನ್ ₹7,200 ಬಂದರೆ ಉಳಿಯುವುದು ₹900. ಹಾಲ್ಟ್ ಬಸ್ ಓಡುವುದು 110 ಕಿಲೋಮೀಟರ್. ಡೀಸೆಲ್ ₹2,400, ಸಂಬಳ ಬತ್ತಾ ₹1,700. ಕಲೆಕ್ಷನ್ ₹5,200. ಉಳಿಯುವುದು ₹1,100. ಟೈರು, ಇನ್ಶೂರೆನ್ಸ್, ಮೂರು ತಿಂಗಳಿಗೊಮ್ಮೆ ಕಟ್ಟುವ ಟ್ಯಾಕ್ಸು ಎಲ್ಲ ಇದರ ಮೇಲೆ. ಕಲೆಕ್ಷನ್ನನ್ನು ಕಿಲೋಮೀಟರ್‌ಗೆ ಹಂಚಿ ನೋಡಿದರೆ ಮೇನ್ ರೋಡಿನಲ್ಲಿ ಹತ್ತಿರ ಹತ್ತಿರ ₹33, ಒಳರಸ್ತೆಯಲ್ಲಿ ₹47. ಹನ್ನೆರಡು ವರ್ಷ ಲೆಕ್ಕ ಬರೆದವನು ಈ ಭಾಗಾಕಾರ ಒಂದು ಸಲವೂ ಮಾಡಿರಲಿಲ್ಲ. ಬಸ್ಸಿನವರ ಭಾಷೆಯಲ್ಲಿ ಕಲೆಕ್ಷನ್ ಅನ್ನುವುದು ಒಂದೇ ಮಾತು. ನಾನೂ ಅದನ್ನೇ ಕಲಿತಿದ್ದೆ.

ಹಾಲ್ಟ್ ಬಸ್ಸಿನ ಕಲೆಕ್ಷನ್ ಯೋಜನೆ ಬಂದ ಮೇಲೆ ಬಿದ್ದಿದ್ದು ದಿನಕ್ಕೆ ₹400 ಮಾತ್ರ. ಕಾರಣ ಸುಲಭ. ಅಲ್ಲಿಗೆ ಬೇರೆ ಬಸ್ಸೇ ಇಲ್ಲ. ಇನ್ನೊಂದು ಕಾರಣ ನೋಟ್‌ಬುಕ್ಕಿನಲ್ಲಿ ಸಿಕ್ಕಿತು. ಕಾಫಿ ಕೊಯ್ಲಿಗೆ ಅಸ್ಸಾಂ ಕಡೆಯಿಂದ ಬಂದವರು ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಬೇಕಾದಷ್ಟು ಇದ್ದಾರೆ. ಕರ್ನಾಟಕದ ವಿಳಾಸದ ಚೀಟಿ ಇಲ್ಲದ ಹೆಂಗಸರಿಗೆ ಶೂನ್ಯ ಟಿಕೆಟ್ ಇಲ್ಲ. ಸಂತೆಯ ದಿನ ಬಸ್ ತುಂಬುತ್ತಿದ್ದುದು ಅವರಿಂದಲೇ.

ಇಲ್ಲಿ ಒಂದು ಮಾತು ನುಂಗಲಾಗದೆ ಬರೆಯುತ್ತಿದ್ದೇನೆ. ಡಾಂಬರು ರಸ್ತೆಯ ಬದಿಯ ಹೆಂಗಸು ಪುಕ್ಕಟೆ ಹೋಗುತ್ತಾಳೆ. ಆರು ಕಿಲೋಮೀಟರ್ ಒಳಗಿರುವ ಅವಳ ಅಕ್ಕ ದುಡ್ಡು ಕೊಡುತ್ತಾಳೆ. ನಮಗೆ ಸಿಕ್ಕ ಅನುಕೂಲದಲ್ಲಿ ಅರ್ಧ ಭಾಗ ನಮ್ಮ ಜಾಣತನವಲ್ಲ, ಬೇರೆ ಬಸ್ ಇಲ್ಲದ್ದು. ಅದನ್ನು ಜಾಣತನ ಅಂದುಕೊಂಡರೆ ಮುಂದೆ ಪೆಟ್ಟು ತಿನ್ನಬೇಕಾಗುತ್ತದೆ. ತಿಂದೆವು ಕೂಡ.

ಬಿಟ್ಟಿದ್ದು

ಏಪ್ರಿಲ್‌ನಲ್ಲಿ ಮಾಲೀಕರ ಮನೆಯಲ್ಲಿ ಕೂತೆವು. ಅವರು ಅಂದರು: “ಒಂಬತ್ತರ ಬಸ್ ನಿಲ್ಲಿಸಿದರೆ ಅಪ್ಪನ ಹೆಸರು ಹೋಯ್ತು ಅಂತಾರೆ ಸಾರ್. ಜನಕ್ಕೆ ಆ ಬಸ್ಸಿನ ಮೇಲೆ ಪ್ರೀತಿ ಇದೆ.”

ಇತ್ತು, ಸುಳ್ಳಲ್ಲ. ಆದರೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಕೊಪ್ಪದಲ್ಲಿ 1991ರಲ್ಲಿ ಸಾರಿಗೆ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ. ಮಲೆನಾಡಿನಲ್ಲಿ ಅಷ್ಟು ಪ್ರೀತಿ ಪಡೆದ ಬಸ್ ಇನ್ನೊಂದಿಲ್ಲ. ಅದೂ 2020ರಲ್ಲಿ ನಿಂತಿತು. ಪ್ರೀತಿ ಇಟ್ಟವರೆಲ್ಲ ಟಿಕೆಟ್ ತೆಗೆಸುವುದಿಲ್ಲ ಅಂದೆ. ಸ್ವಲ್ಪ ಒರಟಾಗಿ ಹೇಳಿದೆ ಅನ್ನಿಸುತ್ತದೆ. ಅವರ ಹೆಂಡತಿ ಕಾಫಿ ತಂದಿಟ್ಟು, “ಮಾವ ಇದ್ದಿದ್ರೆ ಎಂದೋ ನಿಲ್ಲಿಸ್ತಿದ್ರು. ಅವರು ಬಸ್ಸಿಗೆ ಹಾರ ಹಾಕ್ತಿದ್ರು, ಲೆಕ್ಕಕ್ಕೆ ಹಾಕ್ತಿರಲಿಲ್ಲ” ಅಂದರು. ಆ ದಿನದ ಮಾತು ಅಲ್ಲಿಗೆ ಮುಗಿಯಿತು.

ಮೇ ತಿಂಗಳಲ್ಲಿ ಮೇನ್ ರೋಡಿನ ಎರಡು ಬಸ್ ನಿಂತವು. ದಾಖಲೆಗಳನ್ನು ಆರ್‌ಟಿಒ ಕಚೇರಿಗೆ ಸರೆಂಡರ್ ಮಾಡಿದರೆ ನಿಂತ ಅವಧಿಗೆ ಟ್ಯಾಕ್ಸ್ ಕಟ್ಟಬೇಕಿಲ್ಲ. ಪುಷ್‌ಬ್ಯಾಕ್ ಸೀಟಿನ ಬಸ್ಸನ್ನು ಆಮೇಲೆ ಮಾರಿ ಸಾಲ ತೀರಿಸಿದರು, ನಷ್ಟಕ್ಕೇ. ಅದರ ದುಡ್ಡಿನಲ್ಲಿ ಏನೂ ಉಳಿಯಲಿಲ್ಲ, ಇಎಂಐ ನಿಂತಿತು ಅಷ್ಟೇ. ಮೇನ್ ರೋಡಿನಲ್ಲಿ ಉಳಿದ ಒಂದು ಬಸ್ಸು ಹೊಸದು. ಅದನ್ನು ಹಾಲ್ಟಿಗೆ ಹಾಕಿ, ಹಾಲ್ಟಿನ ಹಳೇ ಬಸ್ಸನ್ನು ಮೇನ್ ರೋಡಿಗೆ ತಂದರು. ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇದೇ. ಎರಡು ಬಸ್ ನಿಲ್ಲಿಸುವುದು ಸಂಕಟದ ಕೆಲಸ, ಆದರೆ ನಷ್ಟ ಕಂಡಾಗ ಯಾರಾದರೂ ಮಾಡುತ್ತಾರೆ. ಒಳ್ಳೇ ಬಸ್ಸನ್ನು ಕೆಟ್ಟ ರಸ್ತೆಗೆ ಹಾಕುವುದು ಹಾಗಲ್ಲ. ನಮ್ಮ ಗಿರಾಕಿ ಯಾರು ಅಂತ ನಿರ್ಧಾರ ಮಾಡಿದವರು ಮಾತ್ರ ಅದನ್ನು ಮಾಡುತ್ತಾರೆ. ಒಳಗಿನ ಊರಿನಲ್ಲಿ ಮೊದಲ ದಿನ ಬಸ್ಸಿಗೆ ಪೂಜೆ ಮಾಡಿದರಂತೆ.

ಪಾರ್ಸೆಲ್ ಪುಸ್ತಕ

ಈಗ ಹಿರಿಯ ಕಂಡಕ್ಟರ್ ಕಥೆ. ಅವರ ಎರಡನೇ ನೋಟ್‌ಬುಕ್ಕಿನಲ್ಲಿ ಇದ್ದದ್ದು ಜನರಲ್ಲ, ಸಾಮಾನು. ಪಂಪ್‌ಸೆಟ್ಟಿನ ಬೇರಿಂಗು, ಬಿಪಿ ಮಾತ್ರೆ, ರಿಪೇರಿಗೆ ಕೊಟ್ಟ ಮೊಬೈಲು, ಕೋಳಿಮರಿ, ಮಗಳ ಮನೆಯಿಂದ ಬಂದ ಹಲಸಿನಹಣ್ಣು. ಇಪ್ಪತ್ತು, ಮೂವತ್ತು ರೂಪಾಯಿ ಕೈಗೆ ಕೊಡುತ್ತಾರೆ. ಅದು ಕಂಡಕ್ಟರ್ ಜೇಬಿಗೆ. ಎಲ್ಲ ಬಸ್ಸಿನಲ್ಲೂ ನಡೆಯುವುದೇ, ಮಾಲೀಕರಿಗೆ ಗೊತ್ತಿದ್ದೂ ಗೊತ್ತಿಲ್ಲದ ವಿಷಯ. ಎಣಿಸುವ ಹೊತ್ತಿಗೆ ಅವರು ಅದನ್ನೂ ಬರೆದುಬಿಟ್ಟಿದ್ದರು. ಯಾಕೆ ಅಂತ ಕೇಳಿದೆ. “ಎಲ್ಲ ಬರೀರಿ ಅಂದ್ರಲ್ಲ ಸಾರ್” ಅಂದರು.

ಹದಿನಾಲ್ಕು ದಿನಕ್ಕೆ ₹6,000 ಹತ್ತಿರ. ಮಾಲೀಕರ ಮುಖ ಕೆಂಪಾಯಿತು. ಅವತ್ತು ಅವರು ಅದನ್ನೆಲ್ಲ ಆಫೀಸಿಗೆ ಕಟ್ಟಬೇಕು ಅಂದಿದ್ದರೆ ಪಾರ್ಸೆಲ್ ಮರುದಿನವೇ ಕಾಣೆಯಾಗುತ್ತಿತ್ತು. ಮೇಲಿನವರು ಕಂಡುಹಿಡಿದು ಮಾಡಿದ್ದಲ್ಲ ಅದು, ಕಂಡಕ್ಟರ್ ಬೆಳೆಸಿದ್ದು. ಯಾವ ಅಂಗಡಿಯವನು ಯಾವ ಪಾರ್ಟು ಇಟ್ಟಿದ್ದಾನೆ, ಯಾರ ಮನೆಗೆ ಗೇಟಿನಲ್ಲಿ ಇಳಿಸಬೇಕು, ಯಾರಿಗೆ ಮನೆವರೆಗೂ ಕೊಂಡುಹೋಗಿ ಕೊಡಬೇಕು, ಎಲ್ಲ ಅವರ ತಲೆಯಲ್ಲಿತ್ತು. ಎರಡು ದಿನ ಬಿಟ್ಟು ಮಾಲೀಕರು ಹೇಳಿದ್ದು: “ಅರ್ಧ ನಿಮಗೆ, ಅರ್ಧ ಬಸ್ಸಿಗೆ. ಆದರೆ ಪುಸ್ತಕದಲ್ಲಿ ಬರೀಬೇಕು.” ಬರೆದ ಮೇಲೆ ಕಳೆದುಹೋದ ಸಾಮಾನಿಗೆ ಬಸ್ಸಿನವರೇ ಜವಾಬ್ದಾರಿ ಅಂತಾಯಿತು. ಆಗ ಪಾರ್ಸೆಲ್ ಜಾಸ್ತಿಯಾಯಿತು.

ಯಾರಿಂದ ಅಂದರೆ ಹೋಂಸ್ಟೇಗಳಿಂದ. ಒಳರಸ್ತೆಯಲ್ಲಿ ಹೋಂಸ್ಟೇಗಳು ಎಷ್ಟಾಗಿವೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಶುಕ್ರವಾರ ಸಂಜೆ ಬೆಂಗಳೂರಿನವರು ಬರುತ್ತಾರೆ. ಬ್ರೆಡ್ಡು, ಪನೀರು, ತರಕಾರಿ ತರಲು ಜೀಪು ಪೇಟೆಗೆ ಹೋಗಿ ಬಂದರೆ ಡೀಸೆಲ್ಲೇ ಸಾಮಾನಿಗಿಂತ ದುಬಾರಿ. ಏಳು ಹೋಂಸ್ಟೇಯವರು ತಿಂಗಳಿಗೆ ಇಷ್ಟು ಅಂತ ಮಾತಾಡಿಕೊಂಡರು. ಅವರಲ್ಲಿ ಇಬ್ಬರು ಬಿಟ್ಟರು, ಮೂವರು ಸೇರಿದರು.

ಇದರ ಜೊತೆ ಇನ್ನೂ ಕೆಲವು ಸಣ್ಣ ಕೆಲಸ ಸೇರಿಕೊಂಡವು. ಹೈಸ್ಕೂಲು ಬಿಡುವ ಹೊತ್ತಿಗೆ ಸರಿಯಾಗಿ ಸಂಜೆಯ ಟೈಮಿಂಗ್ ಬದಲಿಸಲು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಭೆಯಲ್ಲಿ ಅದು ಬರಬೇಕು. ಇನ್ನೊಬ್ಬ ಬಸ್ಸಿನವರು ತಕರಾರು ಹಾಕಿದರು. ಹದಿನೈದು ನಿಮಿಷ ಹಿಂದೆ ಹಾಕಲು ಐದು ತಿಂಗಳು ಹಿಡಿಯಿತು. ಮಳೆಗಾಲಕ್ಕೆ ಊರುಗಳ ವಾಟ್ಸಾಪ್ ಗುಂಪು ಮಾಡಿದರು. ಮರ ಬಿದ್ದಿದೆ, ಬಸ್ ಲೇಟು, ಇವತ್ತು ಸೇತುವೆವರೆಗೆ ಮಾತ್ರ. ಮದುವೆ ಸೀಸನ್ನಿನಲ್ಲಿ ಮೇನ್ ರೋಡಿನ ಬಸ್ ಸ್ಪೆಷಲ್ ಪರ್ಮಿಟ್ ತೆಗೆದುಕೊಂಡು ದಿಬ್ಬಣಕ್ಕೆ ಹೋಗುತ್ತದೆ.

ಒಂದೊಂದೇ ತೆಗೆದು ನೋಡಿದರೆ ಯಾವುದೂ ದೊಡ್ಡದಲ್ಲ. ವಾಟ್ಸಾಪ್ ಗುಂಪು ಯಾರೂ ಮಾಡಬಹುದು. ಪಾರ್ಸೆಲ್ ಯಾರೂ ಒಯ್ಯಬಹುದು. ಆದರೆ ರಾತ್ರಿ ಊರಲ್ಲೇ ನಿಲ್ಲುವ ಬಸ್ಸಿಗೆ ಮಾತ್ರ ಸಂಜೆ ಪಾರ್ಸೆಲ್ ಕೊಟ್ಟು ಬೆಳಿಗ್ಗೆ ಖಾಲಿ ಡಬ್ಬ ವಾಪಸು ಕಳಿಸಲು ಆಗುತ್ತದೆ. ಮನೆ ಗೊತ್ತಿರುವ ಕಂಡಕ್ಟರ್ ಇದ್ದರೆ ಮಾತ್ರ ಮಾತ್ರೆ ಸರಿಯಾದ ಅಜ್ಜಿಗೆ ಸೇರುತ್ತದೆ. ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ನಕಲು ಮಾಡಲು ಬಂದವರು ಎಲ್ಲವನ್ನೂ ಮಾಡಬೇಕಾಗುತ್ತದೆ, ಮೊದಲಿಗೆ ಬಸ್ಸಿನಲ್ಲಿ ಮಲಗಬೇಕಾಗುತ್ತದೆ.

ಪರೀಕ್ಷೆ

2025ರ ಜನವರಿ 5ರಿಂದ ಸರ್ಕಾರಿ ಬಸ್ಸಿನ ದರ ಶೇ. 15 ಏರಿತು. ಮೇನ್ ರೋಡಿನಲ್ಲಿ ಒಂಟಿಯಾಗಿ ಓಡಾಡುವ ಗಂಡಸರು ಸ್ವಲ್ಪ ಮಂದಿ ನಮ್ಮ ಬಸ್ಸಿಗೆ ವಾಪಸು ಬಂದರು. ಮಾಲೀಕರಿಗೆ ಮತ್ತೆ ಆಸೆ ಹುಟ್ಟಿತು, ನಿಲ್ಲಿಸಿದ ಬಸ್ಸನ್ನು ಎಬ್ಬಿಸೋಣವಾ ಅಂತ. ಒಂದು ತಿಂಗಳು ಕಾಯಿರಿ ಅಂದೆ. ಏಪ್ರಿಲ್ 1ರಿಂದ ರಾಜ್ಯದಲ್ಲಿ ಡೀಸೆಲ್ ಲೀಟರಿಗೆ ₹2 ಜಾಸ್ತಿಯಾಯಿತು. ಆಸೆ ತಾನಾಗಿಯೇ ಮಲಗಿತು.

ನಿಜವಾದ ಪರೀಕ್ಷೆ ಬಂದಿದ್ದು ಆ ಜೂನ್‌ನಲ್ಲಿ. ಎರಡು ಹಾಲ್ಟ್ ರೂಟಿನಲ್ಲಿ ಒಂದರ ಊರಿನವರು ಮನವಿ ಕೊಟ್ಟಿದ್ದರು. ಬೆಳಿಗ್ಗೆ ಎಂಟೂವರೆಗೆ ಸರ್ಕಾರಿ ಬಸ್ ಶುರುವಾಯಿತು. ಬೇಕಾದದ್ದೇ, ಅವರಿಗೂ ಹಕ್ಕಿದೆ. ನಮ್ಮ ಬಸ್ಸಿಗೆ ಪೂಜೆ ಮಾಡಿದ ಊರೇ ಅದು. ಮೊದಲ ವಾರದಲ್ಲೇ ನಮ್ಮ ಬೆಳಗಿನ ಟ್ರಿಪ್ಪಿನ ಹೆಂಗಸರು ಹೋದರು. ಆ ರೂಟಿನ ಕಲೆಕ್ಷನ್ ಬಿತ್ತು.

ಆದರೆ 2023ರಲ್ಲಿ ಮೇನ್ ರೋಡಿನಲ್ಲಿ ಆದಂತೆ ಆಗಲಿಲ್ಲ. ಆರು ಗಂಟೆಗೇ ಪೇಟೆ ಸೇರಬೇಕಾದವರು, ಆಸ್ಪತ್ರೆಗೆ ಹೊರಟವರು, ಪಿಯು ಕಾಲೇಜಿನ ಮಕ್ಕಳಲ್ಲಿ ಕೆಲವರು ನಮ್ಮಲ್ಲೇ ಉಳಿದರು. ಸಂಜೆಯ ಟ್ರಿಪ್ ಅಲುಗಲಿಲ್ಲ. ಪಾರ್ಸೆಲ್ಲೂ ಅಲುಗಲಿಲ್ಲ. ಬೆಳಿಗ್ಗೆ ಪುಕ್ಕಟೆ ಬಸ್ಸಿನಲ್ಲಿ ಹೋದ ಹೆಂಗಸರೇ ಸಾಮಾನನ್ನು ಸಂಜೆ ನಮ್ಮ ಕಂಡಕ್ಟರ್ ಕೈಗೆ ಕೊಟ್ಟು, ಅದೇ ಬಸ್ಸಿನಲ್ಲಿ ಟಿಕೆಟ್ ತೆಗೆಸಿ ಮನೆಗೆ ಬರುತ್ತಾರೆ. ಆ ಬಸ್ಸಿಗೆ ಈಗ ಖರ್ಚು ಕಳೆದು ದಿನಕ್ಕೆ ಉಳಿಯುವುದು ಕಷ್ಟಪಟ್ಟು ₹300, ₹400, ಪಾರ್ಸೆಲ್ ಸೇರಿಸಿ. ಇನ್ನೊಂದು ಹಾಲ್ಟ್ ಬಸ್ ಚೆನ್ನಾಗಿದೆ. ಮೇನ್ ರೋಡಿನದು ಹಾಗೂ ಹೀಗೂ. ಮಾಲೀಕರು ಮೊದಲಿಗಿಂತ ಕಡಿಮೆ ಸಂಪಾದಿಸುತ್ತಿದ್ದಾರೆ. ಆದರೆ ಕೈಯಿಂದ ಹಾಕುವುದು ನಿಂತಿದೆ. ಇದನ್ನು ಗೆಲುವು ಅಂತ ಬರೆಯಲು ನನಗೆ ಮನಸ್ಸಿಲ್ಲ. 2023ರ ಡಿಸೆಂಬರ್‌ನಲ್ಲಿ ಆ ಸೀಟಿಗೆ ಸಾಲ ಮಾಡುವ ಬದಲು ತಲೆ ಎಣಿಸಿದ್ದರೆ ಏನಾಗುತ್ತಿತ್ತು ಅಂತ ಇಬ್ಬರೂ ಆಗಾಗ ಅಂದುಕೊಳ್ಳುತ್ತೇವೆ.

ನನಗೆ ಈಗ ಚಿಂತೆ ಇರುವುದು ಸರ್ಕಾರಿ ಬಸ್ಸಿನ ಬಗ್ಗೆ ಅಲ್ಲ. ಹಿರಿಯ ಕಂಡಕ್ಟರ್‌ಗೆ ಐವತ್ತೆಂಟಾಯಿತು, ಮೊಣಕಾಲು ನೋವು. ಬಸ್ಸಿನ ದೊಡ್ಡ ಆಸ್ತಿ ಇರುವುದು ಅವರ ತಲೆಯಲ್ಲಿ. ಹೋದ ಮಳೆಗಾಲದಿಂದ ಅವರ ಜೊತೆ ಒಬ್ಬ ಹುಡುಗನನ್ನು ಹಾಕಿದ್ದಾರೆ. ಅವನ ಸಂಬಳ ದಂಡ ಅಂತ ಮಾಲೀಕರ ತಮ್ಮ ಹೇಳುತ್ತಾರೆ. ಲೆಕ್ಕದಲ್ಲಿ ನೋಡಿದರೆ ದಂಡವೇ.

ಪರ್ಮಿಟ್ ಐದು ವರ್ಷಕ್ಕೊಮ್ಮೆ ರಿನ್ಯೂವಲ್. ಸರ್ಕಾರಿ ಬಸ್ ಬಂದ ಆ ಹಾಲ್ಟ್ ರೂಟಿನದು ಬರುವ ವರ್ಷ ಮುಗಿಯುತ್ತದೆ. ಮಾಡಿಸಬೇಕೋ ಬಿಡಬೇಕೋ ಅಂತ ಮಾಲೀಕರು ಮೊನ್ನೆ ಕೇಳಿದರು. ಮತ್ತೆ ಹದಿನಾಲ್ಕು ದಿನ ಎಣಿಸೋಣ ಅಂತ ಆಯಿತು. ಎರಡು ಸಂತೆ ಬರುವ ಹಾಗೆ. ಈ ಸಲ ನೋಟ್‌ಬುಕ್ ಹುಡುಗನ ಕೈಯಲ್ಲಿದೆ.